ಬೀಜದ ಟ್ರೇ: ಕಾಫಿ ಆಯ್ತು, ಮೆಣಸನ್ನು ಎಲ್ಲಿಡೋದು?

ಸಕಲೇಶಪುರದ ನಮ್ಮ ತೋಟದಲ್ಲಿ ಸಿಗುವ ಬೀಜಗಳನ್ನೆಲ್ಲ ಗುಂಪು ಮಾಡಿ ಜೋಡಿಸುವ ಕೆಲಸ ಈ ಬೇಸಿಗೆಯಲ್ಲಿ ಸ್ವಲ್ಪ ಮುಂದುವರಿದಿದೆ. ಮರದ ಟ್ರೇಗೆ ಖಾನೆ ಹೊಡೆಸಿದ್ದಾಯ್ತು. ಚೀಟಿ ಅಂಟಿಸೋದು ಬಾಕಿ.

ಮೊದಲ ಖಾನೆ ಹೂ ಬಿಡದ ಬೀಜದ ಗಿಡಗಳಿಗೆ. ಸದ್ಯಕ್ಕೆ ಅಲ್ಲಿರುವುದು ಅಂಗಳದ ಸೈಕಸ್ (ಈಚಲಿನಂತೆ ಕಾಣುವ ಅಲಂಕಾರದ ಗಿಡ) ಒಂದೇ. ಅದಕ್ಕೆ ಹೂವೂ ಇಲ್ಲ, ಹಣ್ಣೂ ಇಲ್ಲ. ಎಲೆಯಂಥ ಗರಿಯ ಅಂಚಿಗೆ ಬೀಜ ಬರಿಮೈಯಲ್ಲೇ ಕೂತಿರುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಇದರ ಗಂಡು ಕೋಶ ಈಜಿಕೊಂಡು ಹೋಗಿ ಅಂಡ ಸೇರುತ್ತದೆ. 1896ರಲ್ಲಿ ಜಪಾನಿನಲ್ಲಿ ಇದು ಪತ್ತೆಯಾಯಿತು. ಅಂದ ಹಾಗೆ ಸೈಕಸ್ ಬೀಜ ವಿಷ. ಮನೆಯಲ್ಲಿ ನಾಯಿ ಇದ್ದರೆ ಮೇಲೆ ಎತ್ತಿಡಿ.

ಕಾಫಿಗೆ ಜಾಸ್ತಿ ಸಮಯ ಹಿಡಿಯಿತು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಯ್ತು. ಕಾಫಿ ಜಾತಿಗಳಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಹಾಗಾಗುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಅದನ್ನು ಗಾಳಿಯೋ ಜೇನೋ ತರಬೇಕು. ಒಂದು ಕಾಯಲ್ಲಿ ಎರಡು ಬೀಜಾಂಡ (ಬೀಜವಾಗುವ ಭಾಗ). ಅದರಲ್ಲಿ ಒಂದು ಸೋತರೆ ಇನ್ನೊಂದು ಜಾಗ ಪೂರ್ತಿ ಹಿಡಿದು ಗುಂಡಗಾಗುತ್ತದೆ. ನಾವು ಪಿಬಿ (ಪೀಬೆರಿ) ಅಂತ ಬೇರೆ ಮಾಡುವುದು ಅದನ್ನೇ.

ನೆನೆಸಿದ ಬೀಜದ ಪಾರ್ಚ್‌ಮೆಂಟ್ ಎಂಬ ಹೊರಸಿಪ್ಪೆ ಸುಲಿದು, ಬ್ಲೇಡಿನಲ್ಲಿ ಸೀಳಿ ಲೆನ್ಸ್ ಹಿಡಿದೆ. ಮೂಲೆಯಲ್ಲಿ ಬಿಳೀ ದಾರದ ತುಂಡಿನಷ್ಟು ಮೊಳಕೆ, ತುದಿಗೆ ಎರಡು ಪುಟಾಣಿ ಎಲೆ. ಉಳಿದದ್ದೆಲ್ಲ ಅದರ ಬುತ್ತಿ, ಅಂದರೆ ಮೊಳಕೆಗೆ ಕೂಡಿಟ್ಟ ಆಹಾರ. ಪರಾಗದಿಂದ ಬರುವ ಎರಡು ಗಂಡು ಕೋಶಗಳಲ್ಲಿ ಒಂದು ಅಂಡ ಸೇರಿ ಮೊಳಕೆಯಾಗುತ್ತದೆ, ಇನ್ನೊಂದರಿಂದ ಈ ಬುತ್ತಿ. ರಷ್ಯಾದ ಸಸ್ಯವಿಜ್ಞಾನಿ ನವಾಶಿನ್ 1898ರಲ್ಲಿ ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡದ್ದು ಇದನ್ನೇ. ಸೈಕಸ್‌ನಲ್ಲಿ ಹಾಗಲ್ಲ, ಗಂಡು ಕೋಶ ತಲುಪುವ ಮೊದಲೇ ಬುತ್ತಿ ತಯಾರು. ನಾವು ಹುರಿದು ಪುಡಿ ಮಾಡಿ ಕುಡಿಯುವುದು ಆ ಎರಡನೇ ಕೋಶದ ಫಲ, ಅಲ್ವಾ?

ನರ್ಸರಿಯಲ್ಲೂ ಒಂದು ಸಾಲು ಹಾಕಿದ್ದೇನೆ. ಅಲ್ಲಿ ಕೆಲಸ ಮಾಡುವ ಅಕ್ಕ ನಿನ್ನೆ ಕೂಗಿ ಹೇಳಿದರು, "ಬನ್ನಿ ಅಣ್ಣಾ, ಟೋಪಿ ಎದ್ದಿದೆ." ಮೊಳಕೆ ಬೀಜವನ್ನೇ ತಲೆ ಮೇಲೆ ಹೊತ್ತು ಎದ್ದಿತ್ತು. ಬುತ್ತಿ ಮುಗಿದ ಮೇಲೆ ಟೋಪಿ ಬಿದ್ದು ಎಲೆ ಬಿಚ್ಚುತ್ತದೆ.

ಇನ್ನು ಮೆಣಸು. ಮೊಳಕೆಗೆ ಕಾಫಿಯಂತೆ ಎರಡು ದಳ (ಬೀಜದೊಳಗಿನ ಮೊದಲ ಎಲೆ) ಇದೆ, ಹಾಗಾಗಿ ಶಾಲೆಯ ಪಾಠದ ಪ್ರಕಾರ ಕಾಫಿ ಪಕ್ಕದ ಖಾನೆ. ಆದರೆ 1998ರಲ್ಲಿ ಡಿಎನ್‌ಎ ನೋಡಿ ಮಾಡಿದ ಎಪಿಜಿ (ಹೂಗಿಡಗಳ ವಂಶ ಗುರುತಿಸುವ ವಿಜ್ಞಾನಿಗಳ ಗುಂಪು) ವರ್ಗೀಕರಣ ಬಂದಮೇಲೆ ಈ ಏಕದಳ, ದ್ವಿದಳದ ಎರಡೇ ಖಾನೆ ಸಾಲದು. ಮೆಣಸು, ದಾಲ್ಚಿನ್ನಿ, ಬಟರ್ ಫ್ರೂಟ್, ಸಂಪಿಗೆ, ಸೀತಾಫಲ ಇವೆಲ್ಲ ಬೇರೆಯೇ ಒಂದು ಕವಲು. ಕಾಳನ್ನು ಸೀಳಿದರೆ ಬುತ್ತಿಯ ಲೆಕ್ಕವೂ ಬೇರೆ. ಆ ಬಿಳಿ ಹಿಟ್ಟೆಲ್ಲ ಹೆಚ್ಚು ಕಡಿಮೆ ತಾಯಿಯದ್ದೇ ಅಂಗಾಂಶ, ಗಂಡಿನ ಪಾಲಿಲ್ಲ. ಅದಕ್ಕೇ ಇವಕ್ಕೆ ಪ್ರತ್ಯೇಕ ಖಾನೆ ಕೊಟ್ಟೆ. ನನಗಂತೂ ಈ ಖಾನೆಯೇ ಇಷ್ಟ.

ಹಲಸಿನ ಬೀಜ ಮಳೆಗಾಲಕ್ಕೆ. ಅದರಲ್ಲಿ ಬುತ್ತಿ ದಳದೊಳಗೇ ಇರುತ್ತದೆ. ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಕಾಯಿ ಒಡೆಯೋಕೆ ಕಾಯ್ತಿದ್ದೇನೆ. ಧೂಳಿನಂಥ ಬೀಜ, ಬುತ್ತಿಯೇ ಇಲ್ಲ, ಶಿಲೀಂಧ್ರ ಸಿಕ್ಕರಷ್ಟೇ ಮೊಳಕೆ. ಅದಕ್ಕೆ ಖಾನೆ ಆಗೋದಿಲ್ಲ, ಬಿಗಿ ಮುಚ್ಚಳದ ಗಾಜಿನ ಸೀಸೆ ತರಬೇಕು.