ನೀಲಿ ಬೆಳಕು ಕಂಡರೆ ಸಾಲದು: ಗಡಸು ನೀರಿನ ಸೀಮೆಯಲ್ಲಿ ಯುವಿ

ವಿಜಯಪುರ, ಬಾಗಲಕೋಟೆ ಕಡೆಯ ಹಾಸ್ಟೆಲ್, ಖಾನಾವಳಿ, ಕಲ್ಯಾಣ ಮಂಟಪಗಳಲ್ಲಿ ಈಗ ಕುಡಿಯುವ ನೀರಿಗೆ ಯುವಿ, ಅಂದರೆ ಅತಿನೇರಳೆ ಕಿರಣದಿಂದ ಕ್ರಿಮಿ ಕೊಲ್ಲುವ ಯಂತ್ರ, ಕೂರಿಸಿರುತ್ತಾರೆ. ಸ್ಟೀಲ್ ಕೊಳವೆಯ ತುದಿಯಲ್ಲಿ ನೀಲಿ ಬೆಳಕು ಕಂಡಿತೆಂದರೆ ಕ್ರಿಮಿ ಸತ್ತಿತು ಎಂದು ಲೆಕ್ಕ. ಆದರೆ ಕ್ರಿಮಿಯ ಕೆಲಸ ಕೆಡಿಸುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಅದರ ತರಂಗಾಂತರ 254 ನ್ಯಾನೋಮೀಟರ್. ನಾವು ನೋಡುವ ನೀಲಿ ಲ್ಯಾಂಪಿನೊಳಗಿನ ಪಾದರಸದ ಆವಿಯಿಂದ ಅದರ ಜೊತೆಗೇ ಬರುವ ಬೇರೆ ಬೆಳಕು. ಕಾಣದ ಕಿರಣ ಸೊರಗಿ ಹೋದರೂ ನೀಲಿ ಮಾತ್ರ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ.

ಲ್ಯಾಂಪಿನ ಆಯುಸ್ಸು ಸಾಮಾನ್ಯವಾಗಿ 9000 ತಾಸು, ಹಗಲುರಾತ್ರಿ ಉರಿದರೆ ಒಂದು ವರ್ಷ. ಕೂರಿಸಿದ ತಾರೀಖನ್ನು ಕೊಳವೆಯ ಮೇಲೆ ಮಾರ್ಕರ್‌ನಿಂದ ಬರೆದಿಡಿ, ಬಿಲ್ಲು ಕಳೆದುಹೋಗುತ್ತದೆ. ಕರೆಂಟ್ ಉಳಿಸಲು ಪದೇ ಪದೇ ಹಚ್ಚಿ ಆರಿಸುವುದು ತಪ್ಪು ಉಳಿತಾಯ. ಪ್ರತಿ ಸಲ ಹಚ್ಚಿದಾಗಲೂ ಲ್ಯಾಂಪಿನ ತುದಿಯ ಎಲೆಕ್ಟ್ರೋಡ್ ಸವೆಯುತ್ತದೆ.

ಆದರೂ ನಮ್ಮ ಸೀಮೆಯಲ್ಲಿ ಲ್ಯಾಂಪಿಗಿಂತ ಮೊದಲು ಕೈಕೊಡುವುದು ಅದರ ಸುತ್ತಲಿನ ಕ್ವಾರ್ಟ್ಜ್ ಸ್ಲೀವ್, ಅಂದರೆ ಲ್ಯಾಂಪಿಗೆ ನೀರು ತಗುಲದಂತೆ ಕಾಯುವ ಗಾಜಿನ ಕೊಳವೆ. ಯುವಿ ಯಂತ್ರಕ್ಕೆ ಒಪ್ಪುವ ನೀರಿನ ಗಡಸುತನ ಲೀಟರಿಗೆ ಹೆಚ್ಚೆಂದರೆ ಸುಮಾರು 120 ಮಿಲಿಗ್ರಾಂ. ಇಲ್ಲಿನ ಬೋರ್ ನೀರಿನಲ್ಲಿ 300, 500 ಇರುವುದು ಅಪರೂಪವೇನಲ್ಲ. ತೊಗರಿ ಬೇಳೆ ಬೇಯದ, ಸಾಬೂನು ನೊರೆ ಬಾರದ, ಹಂಡೆಯೊಳಗೆ ಬಿಳಿ ಪದರ ಕಟ್ಟುವ ಊರಿಗೆ ಲ್ಯಾಬ್ ವರದಿ ಬರುವ ಮೊದಲೇ ಉತ್ತರ ಗೊತ್ತು. ಉರಿಯುವ ಲ್ಯಾಂಪಿನಿಂದ ಸ್ಲೀವ್ ಬೆಚ್ಚಗಿರುತ್ತದೆ. ನೀರಿನ ಸುಣ್ಣದ ಅಂಶ ಬೆಚ್ಚಗಿನ ಮೈ ಕಂಡಲ್ಲೇ ಅಂಟುತ್ತದೆ, ಗೀಸರ್ ಕಾಯಿಲ್‌ಗೆ ಅಂಟುವಂತೆ. ಕಬ್ಬಿಣದ ಅಂಶ ಲೀಟರಿಗೆ 0.3 ಮಿಲಿಗ್ರಾಂ ಮೀರಿದರೆ ಅದೇ ಪದರ ಕಂದು ಬಣ್ಣಕ್ಕೆ ತಿರುಗುತ್ತದೆ, ಕಿರಣವನ್ನೂ ನುಂಗುತ್ತದೆ.

ಹೊಸದಾಗಿ ಕೂರಿಸಿದಲ್ಲಿ ಒಂದು ತಿಂಗಳಿಗೆ ಸ್ಲೀವ್ ತೆಗೆದು ನೋಡಿ, ಪದರ ಎಷ್ಟಿದೆ ಎಂಬುದರ ಮೇಲೆ ಮುಂದಿನ ಅವಧಿ ಗೊತ್ತುಮಾಡಿ. ಮೊದಲು ಪ್ಲಗ್ ಕಿತ್ತು, ಒಳಬರುವ ವಾಲ್ವ್ ಬಂದ್ ಮಾಡಿ, ನಳ ತಿರುಗಿಸಿ ಒತ್ತಡ ಬಿಡಿ. ಹತ್ತು ನಿಮಿಷ ಆರಲಿ. ಲ್ಯಾಂಪನ್ನು ಎರಡೂ ತುದಿಯ ಪಿಂಗಾಣಿ ಟೋಪಿಯಲ್ಲಷ್ಟೇ ಹಿಡಿದು ಹೊರಗೆಳೆಯಿರಿ. ಗಾಜಿಗೆ ಬೆರಳಿನ ಜಿಡ್ಡು ತಗುಲಿದರೆ ಸ್ಪಿರಿಟ್ ಹತ್ತಿಯಿಂದ ಒರೆಸಿ. ಆಮೇಲೆ ನಟ್ ಬಿಚ್ಚಿ, ಸ್ಲೀವನ್ನು ನೇರವಾಗಿ ಎಳೆಯಿರಿ. ಓರೆ ಮಾಡಿದರೆ ಚಟ್ ಎಂದು ಮುರಿಯುತ್ತದೆ.

ತೊಳೆಯಲು ಸಿಟ್ರಿಕ್ ಆಸಿಡ್ ಸಾಕು, ಕಿರಾಣಿ ಅಂಗಡಿಯ ಲಿಂಬಿ ಉಪ್ಪು. ಉಗುರುಬೆಚ್ಚಗಿನ ಒಂದು ಲೀಟರ್ ನೀರಿಗೆ 50 ಗ್ರಾಂ. ಉದ್ದನೆಯ ಸ್ಲೀವ್ ಮುಳುಗುವ ಪಾತ್ರೆ ಸಿಗದು. ಒಂದೂವರೆ ಇಂಚಿನ ಪಿವಿಸಿ ಪೈಪಿನ ಒಂದು ಬಾಯಿಗೆ ಕ್ಯಾಪ್ ಹಾಕಿ ನಿಲ್ಲಿಸಿ, ಅದರಲ್ಲಿ ಇಳಿಬಿಡಿ. ಮೂರು ಅಡಿಯ ಪೈಪಿಗೆ ಸುಮಾರು ಒಂದು ಲೀಟರ್ ದ್ರಾವಣ ಬೇಕು. ಸುಣ್ಣ ಕರಗುವಾಗ ಸಣ್ಣ ಗುಳ್ಳೆಗಳು ಮೇಲೇಳುತ್ತವೆ; ಗುಳ್ಳೆ ನಿಂತಾಗ, ಸುಮಾರು ಅರ್ಧ ತಾಸಿಗೆ, ತೆಗೆದು ಮೆತ್ತನೆಯ ಬಟ್ಟೆಯಿಂದ ಒರೆಸಿ. ಇಂಡಿ ತಾಲೂಕಿನ ಲಿಂಬಿಹಣ್ಣಿನ ರಸವೂ ನಡೆಯುತ್ತದೆ, ಆದರೆ ತಿರುಳು ಸೋಸಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಮಾತ್ರ ಬೇಡವೇ ಬೇಡ. ಗೀರು ಬಿದ್ದಲ್ಲೇ ಮುಂದಿನ ಪದರ ಬೇಗ ಹಿಡಿಯುತ್ತದೆ.

ಮತ್ತೆ ಕೂರಿಸುವಾಗ ಹೊಸ ಒ-ರಿಂಗ್ ಹಾಕಿ, ಚೂರು ಸಿಲಿಕಾನ್ ಗ್ರೀಸ್ ಸವರಿ. ನಟ್ ಕೈಯಿಂದ ಬಿಗಿಸಿದರೆ ಸಾಕು, ಪಾನಾ ಹಾಕಿ ಜಗ್ಗಿದರೆ ಗಾಜು ಬಿರಿಯುತ್ತದೆ. ಲ್ಯಾಂಪ್ ಒಳಹಾಕುವ ಮುಂಚೆ ಹತ್ತು ನಿಮಿಷ ನೀರು ಬಿಟ್ಟು, ಸ್ಲೀವ್ ಒಳಗೆ ಹನಿ ಇಳಿದಿದೆಯೇ ನೋಡಿ. ಈ ಹತ್ತು ನಿಮಿಷ ತಪ್ಪಿಸಿ ಲ್ಯಾಂಪ್, ಚೋಕ್ ಎರಡೂ ಸುಟ್ಟುಕೊಂಡವರು ಬಹಳ. ಉರಿಯುವ ಲ್ಯಾಂಪನ್ನು ಹೊರಗೆ ತೆಗೆದು ನೋಡಬೇಡಿ. ಕೆಲವು ತಾಸಿನ ಮೇಲೆ ಕಣ್ಣಲ್ಲಿ ಮರಳು ಹೊಕ್ಕಂತಾಗುತ್ತದೆ, ವೆಲ್ಡಿಂಗ್ ನೋಡಿದವರಿಗೆ ಆಗುವಂತೆ. ಲ್ಯಾಂಪ್ ಒಡೆದರೆ ಕಸಬರಿಗೆ ಹಿಡಿಯಬೇಡಿ. ಕಿಟಕಿ ತೆರೆದು ತುಸು ಹೊತ್ತು ಹೊರಗಿರಿ, ಚೂರುಗಳನ್ನು ದಪ್ಪ ರಟ್ಟಿನಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ, ಒಳಗೆ ಪಾದರಸವಿದೆ.

ಇನ್ನು ಹರಿವು. ಕಿರಣದ ಪ್ರಮಾಣವೆಂದರೆ ತೀವ್ರತೆ ಗುಣಿಸು ಸಮಯ. ಕ್ರಿಮಿ ಇರಬಹುದಾದ ನೀರಿಗೆ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಬೇಕೆಂಬುದು ಯುವಿ ಯಂತ್ರಗಳ ಅಮೆರಿಕನ್ ಮಾನದಂಡ ಎನ್‌ಎಸ್‌ಎಫ್ 55ರ ಎ ದರ್ಜೆಯ ಅಳತೆ. ಹರಿವು ಎರಡು ಪಟ್ಟಾದರೆ ಸಿಗುವುದು ಅರ್ಧ. 15 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಮೊಬೈಲಿನಲ್ಲಿ ಹಿಡಿಯಿರಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್. ಯಂತ್ರದ ಮೇಲೆ ಬರೆದ ಸಾಮರ್ಥ್ಯಕ್ಕಿಂತ ಹೆಚ್ಚಿದ್ದರೆ ವಾಲ್ವ್ ತಿರುಗಿಸಿ ಕಡಿಮೆ ಮಾಡಿ. ಮಳೆಗಾಲದ ಕೃಷ್ಣೆ, ಘಟಪ್ರಭೆಯ ಕೆಂಪು ನೀರಿಗೆ ಇದೂ ಸಾಲದು. ಮಣ್ಣಿನ ಕಣದ ನೆರಳಲ್ಲಿ ಬ್ಯಾಕ್ಟೀರಿಯಾ ಅಡಗಿ ಪಾರಾಗುತ್ತದೆ. ಅದಕ್ಕೇ ಯುವಿಗೆ ಮೊದಲು 5 ಮೈಕ್ರಾನ್ ಕಾರ್ಟ್ರಿಜ್ ಇರಬೇಕು, ಕಲಕು 1 ಎನ್‌ಟಿಯು (ಕಲಕು ಅಳೆಯುವ ಮಾನ) ಒಳಗಿರಬೇಕು. ಕಾರ್ಬನ್ ಫಿಲ್ಟರ್ ಇದ್ದರೆ ಅದೂ ಯುವಿಗೆ ಮೊದಲೇ, ಏಕೆಂದರೆ ಕಾರ್ಬನ್ ಕ್ಲೋರಿನ್ ತಿಂದು ತಾನೇ ಬ್ಯಾಕ್ಟೀರಿಯಾದ ಮನೆಯಾಗುತ್ತದೆ. ಯುವಿ ಫ್ಲೋರೈಡ್, ನೈಟ್ರೇಟ್, ಸವಳು ಯಾವುದನ್ನೂ ಮುಟ್ಟದು. ಫ್ಲೋರೈಡ್ ಇರುವ ಊರಲ್ಲಿ ಆರ್‌ಒ ಬೇಕೇ ಬೇಕು, ಯುವಿ ಆರ್‌ಒ ಆದಮೇಲೆ ಬರಬೇಕು. ಆಗ ಸ್ಲೀವಿಗೂ ಸುಣ್ಣದ ಕಾಟ ಇಳಿಯುತ್ತದೆ.

ಕ್ಲೋರಿನ್ ಪೈಪಿನುದ್ದಕ್ಕೂ ಕಾವಲು ಇರುತ್ತದೆ, ಯುವಿಯದು ಲ್ಯಾಂಪ್ ಮುಂದೆ ಹಾದುಹೋದ ಕ್ಷಣದ ಕೆಲಸ. ಆದ್ದರಿಂದ ಯುವಿ ಆದಮೇಲೆ ಸಿಂಟೆಕ್ಸ್ ಟ್ಯಾಂಕಿಗೆ ತುಂಬಿಸುವುದೆಂದರೆ ಹಣ ಚೆಲ್ಲಿದಂತೆ. ನಳಕ್ಕೆ ಆದಷ್ಟು ಹತ್ತಿರ ಕೂರಿಸಿ. ಕರೆಂಟ್ ಹೋದಾಗ ನೀರನ್ನೂ ತಡೆಯುವ ಸೊಲೆನಾಯ್ಡ್ ವಾಲ್ವ್, ಕರೆಂಟ್ ಬಂದ ಮೇಲೆ ಲ್ಯಾಂಪ್ ಬಿಸಿಯಾಗುವವರೆಗೆ ಮೂರು ನಾಲ್ಕು ನಿಮಿಷ ಅದನ್ನು ತಡೆದಿಡುವ ಟೈಮರ್ ಎರಡೂ ಬೇಕು. ಇಲ್ಲದಿದ್ದರೆ ಕರೆಂಟ್ ಹೋದ ಹತ್ತು ನಿಮಿಷದಲ್ಲಿ ಹರಿದ ಹಸಿ ನೀರು ಮುಂದಿನ ಪೈಪಿಗೆಲ್ಲ ಬ್ಯಾಕ್ಟೀರಿಯಾ ಬಿತ್ತಿ ಹೋಗುತ್ತದೆ. ಹಾಗಾದಾಗ ಬರೀ ಲ್ಯಾಂಪ್ ಬದಲಿಸಿ ಪ್ರಯೋಜನವಿಲ್ಲ, ಪೈಪನ್ನೇ ತೊಳೆಯಬೇಕು. ಕಾರ್ಬನ್ ಕಾರ್ಟ್ರಿಜ್, ಆರ್‌ಒ ಮೆಂಬ್ರೇನ್ ಹೊರಗೆ ತೆಗೆದು, 100 ಲೀಟರ್ ನೀರಿಗೆ 17 ಗ್ರಾಂ ತಾಜಾ ಬ್ಲೀಚಿಂಗ್ ಪೌಡರಿನ ತಿಳಿ ಬೆರೆಸಿ, ಕೊನೆಯ ನಳದಲ್ಲಿ ವಾಸನೆ ಬರುವವರೆಗೆ ಹರಿಸಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ವಾಸನೆ ಹೋಗುವಷ್ಟು ಹೊರಗೆ ಬಿಡಿ.

ಆಮೇಲೆ ಎಚ್2ಎಸ್ ಪರೀಕ್ಷೆಯ ಎರಡು ಬಾಟಲಿ ತನ್ನಿ: ಒಂದು ಯುವಿಗೆ ಮೊದಲಿನ ನೀರಿಗೆ, ಒಂದು ಕೊನೆಯ ನಳಕ್ಕೆ. ನಳದ ಬಾಯಿ ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಗೆರೆಯವರೆಗೆ ತುಂಬಿ, ಬಿಸಿಲು ಬೀಳದ ಬೆಚ್ಚಗಿನ ಜಾಗದಲ್ಲಿ ಇಡಿ. 24ರಿಂದ 48 ತಾಸಿನಲ್ಲಿ ಕಪ್ಪಾದರೆ ಮಲಮೂಲದ ಬ್ಯಾಕ್ಟೀರಿಯಾ ಇರುವ ಸೂಚನೆ. ಮೊದಲಿನದು ಕಪ್ಪಾಗಿ ಕೊನೆಯದು ತಿಳಿಯಾಗಿದ್ದರೆ ಯಂತ್ರ ಕೆಲಸ ಮಾಡುತ್ತಿದೆ. ಎರಡೂ ಕಪ್ಪಾದರೆ ಮೊದಲು ಸ್ಲೀವ್ ಬಿಚ್ಚಿ ನೋಡಿ. ಕಪ್ಪಾದ ಬಾಟಲಿಯನ್ನು ಹಾಗೇ ಎಸೆಯಬೇಡಿ, ಬ್ಲೀಚಿಂಗ್ ತಿಳಿ ಸುರಿದು ಅರ್ಧ ತಾಸು ಬಿಟ್ಟು ಬಚ್ಚಲಿಗೆ ಚೆಲ್ಲಿ.