ಮಡಿಕೆಯ ಮೇಲೊಂದು ಮಡಿಕೆ

ಮುಳ್ಳಯ್ಯನಗಿರಿಗೆ ಹೋಗುವ ರಸ್ತೆಯ ಪಕ್ಕದ ಬಂಡೆಗೆ ದಿಕ್ಸೂಚಿಯನ್ನು ತಾಗಿಸಿ ಹಿಡಿದಾಗ ಅದರ ಮುಳ್ಳು ಉತ್ತರವನ್ನು ಬಿಟ್ಟು ಬಂಡೆಯ ಕಡೆಗೆ ವಾಲಿತು. ಹತ್ತು ಹೆಜ್ಜೆ ಹಿಂದೆ ಸರಿದು ನಿಂತಾಗ ಮತ್ತೆ ಉತ್ತರಕ್ಕೆ ಮರಳಿತು. ಹಿಂದಿನ ವಾರ ನಾನೊಬ್ಬಳೇ ಬಂದು, ಅದೇ ಬಂಡೆಯ ಪದರಗಳ ಮೇಲೆ ದಿಕ್ಸೂಚಿಯನ್ನಿಟ್ಟು 14 ಕಡೆ ದಿಕ್ಕು ಬರೆದುಕೊಂಡಿದ್ದೆ. ಒಂದಕ್ಕೊಂದು ಹೊಂದದ ಆ ಅಂಕಿಗಳನ್ನು ನೋಡಿ, ಇಲ್ಲಿನ ಪದರಗಳು ಹಲವು ದಿಕ್ಕುಗಳಲ್ಲಿ ಮಡಿಸಿಕೊಂಡಿವೆ ಎಂದು ತೀರ್ಮಾನಿಸಿ, ಪ್ರೌಢಶಾಲೆಯ ನನ್ನ ಮಕ್ಕಳಿಗೆ ಹಾಗೆಯೇ ಹೇಳಿಯೂ ಬಿಟ್ಟಿದ್ದೆ. ಬಂಡೆಯಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಮುಳ್ಳನ್ನು ಎಳೆಯುತ್ತದೆಂಬುದು ಆಗ ಹೊಳೆಯಲಿಲ್ಲ. ತಪ್ಪು ತಿಳಿದ ದಿನ ನನಗಾದ ಸಂಕಟ ಸಣ್ಣದಲ್ಲ.

ತಪ್ಪನ್ನು ತೋರಿಸಿಕೊಟ್ಟವರು ಖನಿಜ ಹುಡುಕುವ ಕೆಲಸದಲ್ಲೇ ಬದುಕು ಕಳೆದ ನನ್ನ ಸೋದರಮಾವ. ಮಳೆಗಾಲ ಮುಗಿದ ಒಂದು ಬೆಳಿಗ್ಗೆ ಅವರನ್ನು ಕರೆದುಕೊಂಡು ಕೈಮರ ದಾಟಿ ಮೇಲೆ ಬಂದಿದ್ದೆ. ನಾನು ತಂದಿದ್ದ ಸುತ್ತಿಗೆಯನ್ನು ಅವರು ಚೀಲದಿಂದ ತೆಗೆಯಲೂ ಬಿಡಲಿಲ್ಲ. "ಒಡೆದರೆ ಚೂರು ಸಿಗುತ್ತದೆ, ಪದರಗಳ ಮಡಿಕೆ ಸಿಗುವುದಿಲ್ಲ. ಮೊದಲು ದಿಕ್ಸೂಚಿಯನ್ನು ಚೀಲಕ್ಕೆ ಹಾಕಿ ಕಣ್ಣಿನಿಂದ ನೋಡಮ್ಮ," ಎಂದರು.

ಬಾಬಾಬುಡನ್ ಬೆಟ್ಟಸಾಲಿನ ಈ ಎತ್ತರದ ಭಾಗದಲ್ಲಿರುವುದು ಕಬ್ಬಿಣದ ಪಟ್ಟೆಶಿಲೆ. ಕಪ್ಪು ಬಣ್ಣದ ಕಬ್ಬಿಣದ ಪದರ, ಅದರ ಮೇಲೆ ಬಿಳಿಯ ಸಿಲಿಕಾ ಪದರ, ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ. ಕೆಲವು ಪದರಗಳು ಉಗುರಿನಷ್ಟು ತೆಳುವಾಗಿಯೂ ಕೆಲವು ಬೆರಳಿನಷ್ಟು ದಪ್ಪವಾಗಿಯೂ ಇದ್ದವು. ಗಾಳಿಯಲ್ಲಿ ಆಮ್ಲಜನಕ ತೀರಾ ಕಡಿಮೆ ಇದ್ದ ಕಾಲದಲ್ಲಿ, ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವು ತಳಕ್ಕೆ ಇಳಿದು ಕೂತು ಇಂಥ ಶಿಲೆ ಆಯಿತು. ಚಿಕ್ಕಮಗಳೂರಿನ ಈ ಶಿಲಾಸಮೂಹದ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಅದರ ತಳಹಾಸಾದ, ಶಾಖ ಮತ್ತು ಒತ್ತಡದಿಂದ ರೂಪ ಬದಲಿಸಿಕೊಂಡ ನೈಸ್ ಎಂಬ ಶಿಲೆ ಅದಕ್ಕೂ ಹಳೆಯದು. ಹಾಸನದ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷದಷ್ಟು ಹಿಂದಿನದು. ಸಮುದ್ರದ ತಳದಲ್ಲಿ ಚಾಪೆಯಂತೆ ಮಟ್ಟಸವಾಗಿ ಹಾಸಿದ್ದ ಪದರಗಳು ಇಂದು 1,930 ಮೀಟರ್ ಎತ್ತರದ ಶಿಖರದ ಬಳಿ ಓರೆಯಾಗಿ ನಿಂತಿವೆ ಎಂಬುದನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದರೂ, ಅಂದು ಅಂಗೈಯನ್ನು ಪಟ್ಟೆಗಳ ಮೇಲಿಟ್ಟು ನಿಂತಾಗಲೇ ಅದು ನನಗೆ ನಿಜವಾಗಿ ಅರ್ಥವಾಯಿತು.

ಮಾವ ಬೆರಳಿಟ್ಟು ತೋರಿಸಿದ್ದು ಒಂದು ಗೇಣು ಅಗಲದ ಜಾಗವನ್ನು. ಅಲ್ಲೊಂದು ಬಿಳಿಯ ಪಟ್ಟೆ ಎಡದಿಂದ ಬಂದು, ಕೂದಲಪಿನ್ನಿನ ಹಾಗೆ ಬಿಗಿಯಾಗಿ ತಿರುಗಿ, ಬಂದ ದಾರಿಯಲ್ಲೇ ಹಿಂದಿರುಗಿತ್ತು. ಅದು ಒಂದು ಮಡಿಕೆ. ಆದರೆ ಹೋಗುವ ಮತ್ತು ಬರುವ ಎರಡು ತೋಳುಗಳೂ ಜೊತೆಯಾಗಿ, ಸ್ವಲ್ಪ ಮುಂದೆ, ಕಮಾನಿನಂತೆ ಬಾಗಿದ್ದವು. ಹಾಗಾಗಿ ಇಡೀ ಆಕಾರ ಬಾವಿಯಿಂದ ಕೊಡ ತೆಗೆಯುವ ಕೊಕ್ಕೆಯಂತೆ ಕಾಣುತ್ತಿತ್ತು. "ಯಾವುದು ಮೊದಲು?" ಎಂದು ಕೇಳಿದರು. ನಾನು ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡೆ. ಬಿಗಿಯಾದ ಮಡಿಕೆಯ ಎರಡು ತೋಳುಗಳ ನಡುವೆ ಗೆರೆಯೊಂದನ್ನು ಎಳೆದರೆ ಆ ಗೆರೆಯೇ ಬಾಗುತ್ತದೆ. ಕಮಾನಿನ ನಡುವೆ ಎಳೆದ ಗೆರೆ ಮಾತ್ರ ಎಲ್ಲ ಪಟ್ಟೆಗಳನ್ನೂ ದಾಟಿ ನೆಟ್ಟಗೆ ಹೋಗುತ್ತದೆ. ಬಾಗಿಸಿಕೊಂಡದ್ದು ಹಿರಿಯದು, ಬಾಗಿಸಿದ್ದು ಕಿರಿಯದು. ಬಿಡಿಬಿಡಿ ಬಾಗುಗಳನ್ನು ಎಣಿಸುವುದಕ್ಕಿಂತ ಯಾವುದು ಯಾವುದನ್ನು ಬಾಗಿಸಿದೆ ಎಂದು ಕೇಳುವುದು ಮುಖ್ಯ ಎಂಬುದನ್ನು ನಾನು ಹಿಂದಿನ ವಾರ ಪೂರ್ತಿ ಮರೆತಿದ್ದೆ.

ಹೀಗೆ ಒಂದರ ಮೇಲೊಂದು ಬಿದ್ದ ಮಡಿಕೆಗಳು ಉಂಟುಮಾಡುವ ಆಕಾರಗಳನ್ನು 1960ರ ದಶಕದಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಜಾನ್ ರಾಮ್ಸೆ ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಿದರೆಂದು ಮಾವ ಹೇಳಿದರು. ಅವುಗಳಲ್ಲಿ ಎರಡನ್ನು ಕೈಯಾರೆ ಮಾಡಿ ನೋಡುವ ಆಸೆಯಿಂದ ಅಂದು ಸಂಜೆ ಅಡುಗೆಮನೆಯಲ್ಲಿ ರಾಗಿ ಹಿಟ್ಟನ್ನೂ ಕಡುಬಿಗೆಂದು ಉಕ್ಕರಿಸಿದ ಅಕ್ಕಿ ಹಿಟ್ಟನ್ನೂ ಬೇರೆಬೇರೆಯಾಗಿ ಲಟ್ಟಿಸಿ, ಕಂದು ಮತ್ತು ಬಿಳಿಯ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದೆ. ಮೊದಲ ಸಲ ಹಿಟ್ಟು ಆರಿತ್ತು. ಮಡಿಸಿದ ಕಡೆಯೆಲ್ಲ ಬಿರುಕು ಬಿಟ್ಟಿತು. ಎರಡನೆಯ ಸಲ ಬಿಸಿಯಾಗಿರುವಾಗಲೇ, ಅವಸರ ಮಾಡದೆ ಒತ್ತಿದೆ, ಬಿರುಕಿಲ್ಲದೆ ಬಾಗಿತು. ನೆಲದ ಮೇಲ್ಭಾಗದಲ್ಲಿ ತಣ್ಣಗಿರುವಾಗ ಮುರಿಯುವ ಕಲ್ಲು, ಕಿಲೋಮೀಟರುಗಳಷ್ಟು ಆಳದ ಶಾಖದಲ್ಲಿ, ಲಕ್ಷಾಂತರ ವರ್ಷ ನಿಧಾನವಾಗಿ ಒತ್ತಿದಾಗ ಮುರಿಯದೆ ಬಾಗುವುದು ಇದೇ ಕಾರಣಕ್ಕೆ.

ಜೋಡಿಸಿದ ಹಾಳೆಗಳನ್ನು ಪಂಚೆಯಂತೆ ಎರಡಾಗಿ ಮಡಿಸಿ, ಆ ಮಡಿಕೆಯ ಅಂಚಿಗೆ ಸಮಾನಾಂತರವಾಗಿ ಇಡೀ ಕಟ್ಟನ್ನು ಮತ್ತೆ ಬಾಗಿಸಿ, ಅಂಚಿಗೆ ಅಡ್ಡಲಾಗಿ ಚಾಕುವಿನಿಂದ ಕೊಯ್ದೆ. ಬೆಳಿಗ್ಗೆ ಕಂಡಿದ್ದ ಕೊಕ್ಕೆ ಅಲ್ಲಿತ್ತು. ಇನ್ನೊಂದು ಕಟ್ಟನ್ನು ಮೊದಲು ಅಲೆಯಲೆಯಾಗಿ ನೆರಿಗೆ ಮಾಡಿ, ಆಮೇಲೆ ಅದಕ್ಕೆ ಅಡ್ಡಲಾಗಿ ಒತ್ತಿದಾಗ ಮೇಲ್ಮೈ ಉಬ್ಬುತಗ್ಗುಗಳ ಸಾಲಾಯಿತು. ಉಬ್ಬುಗಳ ನೆತ್ತಿಯನ್ನು ಸವರಿ ತೆಗೆದಾಗ ಕಂದುಬಿಳಿ ಉಂಗುರಗಳು ಮೂಡಿದವು. ಮಳೆ, ಗಾಳಿ, ಹೊಳೆಗಳು ಬೆಟ್ಟದ ಮೇಲೆ ಮಾಡುವುದೂ ಈ ಕೊಯ್ಯುವ ಕೆಲಸವನ್ನೇ. ಕೊಯ್ತ ಬೀಳುವವರೆಗೂ ಒಳಗಿನ ಮಡಿಕೆಗಳು ಹೊರಗೆ ಕಾಣುವುದಿಲ್ಲ. ಹಿಟ್ಟನ್ನು ಹಾಳು ಮಾಡುತ್ತಿದ್ದೇನೆಂದು ಮೊದಲು ಗೊಣಗಿದ ಅಮ್ಮ ಉಂಗುರಗಳನ್ನು ಕಂಡು, ಇನ್ನೊಂದು ಉಬ್ಬನ್ನು ತಾವೇ ಕೊಯ್ದರು.

ಬಂಡೆಯ ಬಳಿ ನಾನು ಮಾವನನ್ನು ಇನ್ನೊಂದು ಪ್ರಶ್ನೆ ಕೇಳಿದ್ದೆ: ಮೊದಲ ಮಡಿಕೆಗೂ ಎರಡನೆಯದಕ್ಕೂ ನಡುವೆ ಎಷ್ಟು ಕಾಲ ಕಳೆದಿರಬಹುದು? ಮಡಿಕೆಯ ಆಕಾರ ಅದನ್ನು ಹೇಳುವುದಿಲ್ಲ, ಅನುಕ್ರಮವನ್ನಷ್ಟೇ ಹೇಳುತ್ತದೆ ಎಂದರು. ಕಾಲವನ್ನು ತಿಳಿಯಬೇಕಾದರೆ, ಆಯಾ ಒತ್ತಡದ ಸಮಯದಲ್ಲಿ ಹೊಸದಾಗಿ ಬೆಳೆದ ಅಭ್ರಕದಂಥ ಖನಿಜಗಳನ್ನು ಪ್ರಯೋಗಾಲಯಕ್ಕೆ ಒಯ್ದು ವಯಸ್ಸು ಕಟ್ಟಬೇಕು. ಆಮೇಲೆ ಅವರು ನನ್ನನ್ನು ರಸ್ತೆಯ ಅಂಚಿಗೆ ಕರೆದು, ಜಾಗರ ಕಣಿವೆಯನ್ನು ಬಳಸಿ ಕುದುರೆಯ ಲಾಳದಂತೆ ಬಾಗಿರುವ ಬೆಟ್ಟಸಾಲನ್ನು ತೋರಿಸಿದರು. ನಮ್ಮ ಹಿರಿಯರು ಚಂದ್ರದ್ರೋಣವೆಂದು ಕರೆದದ್ದು ಈ ಬಾಗನ್ನು ಕಂಡೇ. ಈ ಬೆಟ್ಟಸಾಲಿನ ಶಿಲೆಗಳೂ ಸೇರಿದ, ಧಾರವಾಡ ಶಿಲೆಗಳೆಂದು ಕರೆಯುವ ಹಳೆಯ ಶಿಲೆಗಳು ಒಂದಕ್ಕಿಂತ ಹೆಚ್ಚು ಸಲ ಮಡಿಸಿಕೊಂಡಿವೆ. ಗೇಣಗಲದ ಬಂಡೆಯಲ್ಲಿ ಓದಿದ್ದನ್ನು ಕಿಲೋಮೀಟರುಗಟ್ಟಲೆ ಉದ್ದದ ಸಾಲಿನಲ್ಲಿಯೂ ಓದಲು ಕಲಿಯಬೇಕೆಂಬುದು ಮಾವನ ಮಾತು.

ಸೋಮವಾರ ತರಗತಿಯಲ್ಲಿ ಹಿಂದಿನ ವಾರದ 14 ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅವು ಏಕೆ ತಪ್ಪೆಂದು ವಿವರಿಸಿ, ಮಕ್ಕಳ ಟಿಪ್ಪಣಿ ಪುಸ್ತಕಗಳಲ್ಲಿ ಹೊಡೆದುಹಾಕಿಸಿದೆ. ಆಮೇಲೆ ಕೊಕ್ಕೆಯ ಚಿತ್ರ ಬಿಡಿಸಿ, ಎರಡು ಗೆರೆಗಳನ್ನೆಳೆದು, ಯಾವುದಕ್ಕೆ 1, ಯಾವುದಕ್ಕೆ 2 ಎಂದು ಬರೆಯಬೇಕೆಂದು ಅವರನ್ನೇ ಕೇಳಿದೆ.