ರೆಕ್ಕೆಯ ಮೇಲೆ ಮಿಸೈಲ್ ಹೊತ್ತ ಜಾಗ್ವಾರ್

ಜಾಗ್ವಾರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಟ್ಟಿ ಮುಗಿಯಿತು. 1/72 ಅಳತೆಯದು, ಅಂದರೆ ನಿಜದ್ದರ 72ರಲ್ಲಿ ಒಂದು ಭಾಗ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.69 ಮೀಟರ್. ನನ್ನದು 12 ಸೆಂಟಿಮೀಟರ್‌ಗಿಂತ ಒಂದು ಕೂದಲೆಳೆಯಷ್ಟು ಜಾಸ್ತಿ. ಹಾಸೆಗಾವಾ ಕಂಪನಿಯ ಹಳೆಯ ಕಿಟ್. ಪೆಟ್ಟಿಗೆಯೊಳಗೆ ಬ್ರಿಟಿಷ್ ವಾಯುಪಡೆಯ ಗುರುತುಗಳಿದ್ದವು. ನನಗೆ ಬೇಕಾಗಿದ್ದು ನಮ್ಮ ವಾಯುಪಡೆಯ ಜಾಗ್ವಾರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು, 2000ರ ಆಸುಪಾಸಿನದು, ರೆಕ್ಕೆಯ ಮೇಲೆ ಮಿಸೈಲ್ ಇರುವಂಥದ್ದು.

ಈ ವಿಮಾನವೇ ಯಾಕೆ ಅಂದರೆ, ನಮ್ಮ ಚಿಕ್ಕಮ್ಮನ ಮನೆ ಇದ್ದದ್ದು ಮುರುಗೇಶಪಾಳ್ಯದಲ್ಲಿ. ಎಚ್‌ಎಎಲ್ ರನ್‌ವೇ ಪಕ್ಕದಲ್ಲೇ. ರಜೆಗೆ ದಾವಣಗೆರೆಯಿಂದ ಹೋದಾಗಲೆಲ್ಲ ಜಾಗ್ವಾರ್ ಏಳುವುದನ್ನು ಕೇಳುತ್ತಿದ್ದೆವು. ನೋಡುವುದಕ್ಕಿಂತ ಮೊದಲು ಕೇಳಿಸುತ್ತಿತ್ತು. ಚಿಕ್ಕಮ್ಮ ಮಾತಾಡುತ್ತಿದ್ದವರು ಅರ್ಧ ವಾಕ್ಯಕ್ಕೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಉಳಿದರ್ಧ ಮುಗಿಸುತ್ತಿದ್ದರು. ಆ ಬೀದಿಯವರೆಲ್ಲ ಹಾಗೇ ಮಾತಾಡುತ್ತಿದ್ದರು. ನಾನು ಟೆರೇಸಿಗೆ ಓಡುತ್ತಿದ್ದೆ.

ಜಾಗ್ವಾರ್ ಇಂಗ್ಲೆಂಡ್ ಮತ್ತು ಫ್ರಾನ್ಸ್ ಸೇರಿ ಮಾಡಿದ ವಿಮಾನ. ಮೊದಲು ಹಾರಿದ್ದು 1968ರಲ್ಲಿ. 1979ರ ಜುಲೈನಲ್ಲಿ ಮೊದಲ ಜಾಗ್ವಾರ್‌ಗಳು ಅಂಬಾಲಾಕ್ಕೆ ಬಂದವು. ಆಮೇಲೆ ಎಚ್‌ಎಎಲ್ ಇಲ್ಲೇ ತಯಾರಿಸಲು ಶುರು ಮಾಡಿತು. ನಮ್ಮ ವಾಯುಪಡೆ ಇದಕ್ಕೆ ‘ಶಂಶೇರ್’ ಎಂದು ಹೆಸರಿಟ್ಟಿತು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಜಾಗ್ವಾರ್ ಹಾರಿಸುವುದನ್ನು ನಿಲ್ಲಿಸಿದವು. ಉಳಿದಿರುವುದು ಭಾರತ ಮಾತ್ರ. ಆದರೂ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕಿಟ್‌ಗಳು ಬ್ರಿಟಿಷ್ ಜಾಗ್ವಾರ್, ಇಲ್ಲವೇ ಫ್ರೆಂಚ್ ಜಾಗ್ವಾರ್. ಈಗಲೂ ಹಾರುತ್ತಿರುವ ದೇಶದ ವಿಮಾನವನ್ನು ನಾವೇ ಕೈಯಾರೆ ಮಾಡಿಕೊಳ್ಳಬೇಕು. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಪೆಟ್ಟಿಗೆಯಲ್ಲಿ ಬಂದ ಹಾಗೆ ಕಟ್ಟಿಡಲು ಮನಸ್ಸು ಬರಲಿಲ್ಲ.

ನಾನು ಡೆಂಟಲ್ ಲ್ಯಾಬ್ ನಡೆಸುವವಳು. ಹಲ್ಲಿನ ಕ್ಯಾಪ್, ಬ್ರಿಡ್ಜ್, ಸೆಟ್ ಮಾಡುವುದು ನಮ್ಮ ಕೆಲಸ. ಮಾಡೆಲ್ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಣೆ ಸಿಗಲಿಕ್ಕಿಲ್ಲ. ಮೈಕ್ರೋಮೋಟರ್ ಇದೆ, ಕಂಪ್ರೆಸರ್ ಇದೆ, ಚಿಕ್ಕದನ್ನು ದೊಡ್ಡದಾಗಿ ತೋರಿಸುವ, ಕಣ್ಣಿಗೆ ಹಾಕಿಕೊಳ್ಳುವ ಲೂಪ್ ಇದೆ, ಮೇಣ ಕೆತ್ತುವ ಕಾರ್ವರ್‌ಗಳಿವೆ. ಸಂಜೆ ಡಾಕ್ಟರುಗಳ ಕೆಲಸ ಮುಗಿದ ಮೇಲೆ ಅದೇ ಟೇಬಲ್ ಒರೆಸಿ ವಿಮಾನ ತೆಗೆಯುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆರ್ಟಿಕ್ಯುಲೇಟಿಂಗ್ ಪೇಪರ್. ಹಲ್ಲಿನ ಡಾಕ್ಟರ್ ‘ಕಚ್ಚಿ’ ಅಂತ ಬಾಯಲ್ಲಿಡುತ್ತಾರಲ್ಲ, ಆ ನೀಲಿ ಕಾಗದ. ಹಳೆಯ ಕಿಟ್‌ಗಳಲ್ಲಿ ರೆಕ್ಕೆ ಒಡಲಿಗೆ ಸರಿಯಾಗಿ ಕೂರುವುದಿಲ್ಲ. ಸಂದಿ ಬೀಳುತ್ತದೆ. ಸಾಮಾನ್ಯವಾಗಿ ಪುಟ್ಟಿ ತುಂಬಿ ಉಜ್ಜುತ್ತಾರೆ. ನಾನು ಎರಡು ಭಾಗಗಳ ನಡುವೆ ಈ ಕಾಗದ ಇಟ್ಟು ಒತ್ತುತ್ತೇನೆ. ಎಲ್ಲಿ ಪ್ಲಾಸ್ಟಿಕ್ ತಡೆಯುತ್ತಿದೆಯೋ ಅಲ್ಲಿ ಮಾತ್ರ ನೀಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯಷ್ಟನ್ನೇ ಹೆರೆದು ಮತ್ತೆ ಒತ್ತಿ ನೋಡುವುದು. ಸ್ವಲ್ಪ ಹೊತ್ತಿಗೆ ರೆಕ್ಕೆ ತಾನೇ ಬಂದು ಕೂತುಕೊಳ್ಳುತ್ತದೆ. ಪುಟ್ಟಿ ಬೇಕಾಗುವುದೇ ಇಲ್ಲ, ಬೇಕಾದರೂ ಕೂದಲಿನಷ್ಟು. ಒಂದು ಎಚ್ಚರ: ಪ್ರೈಮರ್ ಹೊಡೆಯುವ ಮೊದಲು ನೀಲಿಯನ್ನು ಪೂರ್ತಿ ಒರೆಸಬೇಕು. ಇಲ್ಲದಿದ್ದರೆ ಬಣ್ಣದ ಮೇಲಕ್ಕೆ ಎದ್ದು ಬರುತ್ತದೆ.

ಕಾಕ್‌ಪಿಟ್‌ನಲ್ಲಿ ಜಾಸ್ತಿ ಹೊತ್ತು ಕಳೆಯಲಿಲ್ಲ. ಗಾಜು ಮುಚ್ಚಿದ ಮೇಲೆ ಕಾಣುವುದು ಸೀಟಿನ ತಲೆ ಮತ್ತು ಬೆಲ್ಟು ಅಷ್ಟೇ. ಸೀಟು ಮಾರ್ಟಿನ್ ಬೇಕರ್ ಕಂಪನಿಯದು, ಅದರ ತಲೆಭಾಗದ ಆಕಾರ ಸರಿಯಾಗಿ ಬರಬೇಕು. ಬೆಲ್ಟಿಗೆ ಹಲ್ಲಿನ ಎಕ್ಸ್‌ರೇ ಫಿಲ್ಮಿನ ಪೊಟ್ಟಣದೊಳಗಿನ ಸೀಸದ ಹಾಳೆ ಬಳಸಿದೆ. ತೆಳ್ಳಗಿದೆ, ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಬಟ್ಟೆಯ ಹಾಗೇ ಮಡಿಕೆ ಬೀಳುತ್ತದೆ. ನಿಜದಲ್ಲಿ 45 ಮಿಲಿಮೀಟರ್ ಅಗಲದ ಬೆಲ್ಟ್ ಅಂದರೆ ಇಲ್ಲಿ 0.6 ಮಿಲಿಮೀಟರ್. ಈಗೆಲ್ಲ ಕ್ಲಿನಿಕ್‌ಗಳಲ್ಲಿ ಡಿಜಿಟಲ್ ಎಕ್ಸ್‌ರೇ ಬಂದು ಆ ಪೊಟ್ಟಣಗಳೇ ಅಪರೂಪ. ಪರಿಚಯದ ಡಾಕ್ಟರೊಬ್ಬರು ಹಳೆಯವನ್ನು ಎತ್ತಿಟ್ಟು ಕೊಟ್ಟರು. ಸೀಸ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಚೂರುಗಳನ್ನು ಕಸದಲ್ಲಿ ಎಸೆಯಬೇಡಿ.

ಇನ್ನು ಮುಖ್ಯ ವಿಷಯ, ರೆಕ್ಕೆಯ ಮೇಲಿನ ಮಿಸೈಲ್. ಲ್ಯಾಬಿನ ಹುಡುಗ ನೋಡಿದ ಕೂಡಲೇ ಕೇಳಿದ: “ಅಕ್ಕ, ಇದನ್ನು ಉಲ್ಟಾ ಅಂಟಿಸಿಬಿಟ್ರಾ? ಮಿಸೈಲ್ ಕೆಳಗಲ್ವಾ ಇರೋದು?”

“ಇಲ್ಲ ಕಣೋ, ಇದಕ್ಕೆ ಮೇಲೇ.”

“ಬಿಟ್ಟಾಗ ವಿಮಾನಕ್ಕೇ ಬಡಿಯಲ್ವಾ?”

ಒಳ್ಳೆಯ ಪ್ರಶ್ನೆ. ಬಾಂಬ್ ಆದರೆ ಬೀಳಬೇಕು, ಅದಕ್ಕೆ ಕೆಳಗೇ ಇರಬೇಕು. ಇದು ಗಾಳಿಯಲ್ಲಿ ಇನ್ನೊಂದು ವಿಮಾನವನ್ನು ಹೊಡೆಯುವ ಮಿಸೈಲ್. ಹಳಿಯ ಮೇಲೆ ಜಾರಿ ನೇರ ಮುಂದಕ್ಕೆ ಚಿಮ್ಮುತ್ತದೆ. ಹಾಗಾಗಿ ಮೇಲಿದ್ದರೂ ತೊಂದರೆ ಇಲ್ಲ. ಜಾಗ್ವಾರ್‌ನ ಕೆಲಸ ಕೆಳಮಟ್ಟದಲ್ಲಿ ಹಾರಿ ಶತ್ರುವಿನ ನೆಲದ ಗುರಿಗಳಿಗೆ ಬಾಂಬ್ ಹಾಕುವುದು. ರೆಕ್ಕೆಯ ಕೆಳಗಿನ ಜಾಗ ಬಾಂಬಿಗೆ, ಇಂಧನದ ಟ್ಯಾಂಕಿಗೆ ಬೇಕು. ತನ್ನ ರಕ್ಷಣೆಗೆ ಬೇಕಾದ ಎರಡು ಮಿಸೈಲ್‌ಗಳನ್ನು ಮೇಲೆ ಹೊತ್ತರೆ ಕೆಳಗಿನ ಜಾಗ ಪೂರ್ತಿ ಉಳಿಯುತ್ತದೆ. ಈ ಏರ್ಪಾಡು ಮೊದಲು ಬಂದದ್ದು ಹೊರದೇಶಗಳಿಗೆ ಮಾರಿದ ಜಾಗ್ವಾರ್‌ಗಳಲ್ಲಿ. ಬ್ರಿಟಿಷ್ ವಾಯುಪಡೆ ಇದನ್ನು ಹಾಕಿಕೊಂಡದ್ದು 1990ರಲ್ಲಿ, ಕೊಲ್ಲಿ ಯುದ್ಧಕ್ಕೆ ಹೊರಡುವಾಗ. ನಮ್ಮ ಜಾಗ್ವಾರ್ ಹೊತ್ತದ್ದು ಫ್ರಾನ್ಸಿನ ಮ್ಯಾಜಿಕ್ ಮಿಸೈಲ್.

ನನ್ನ ಕಿಟ್‌ನಲ್ಲಿ ಇದ್ಯಾವುದೂ ಇರಲಿಲ್ಲ. ರೆಕ್ಕೆಗೆ ಮಿಸೈಲ್ ಹಿಡಿಸುವ ಗೂಟಕ್ಕೆ ಪೈಲಾನ್ ಅನ್ನುತ್ತಾರೆ. ಒಂದು ಪೈಲಾನನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಉಜ್ಜಿ ರೂಪಕ್ಕೆ ತಂದೆ. ಎಡ ಬಲ ಒಂದೇ ಥರ ಇರಬೇಕಲ್ವಾ? ಅದಕ್ಕೆ ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿಯಲ್ಲಿ ಅದನ್ನು ಒತ್ತಿ ಅಚ್ಚು ಮಾಡಿದೆ. ಅದರೊಳಗೆ ನಾವು ತಾತ್ಕಾಲಿಕ ಕ್ಯಾಪ್‌ಗೆ ಬಳಸುವ ಅಕ್ರಿಲಿಕ್ ಸುರಿದು ಎರಡನ್ನೂ ಎರಕ ಹೊಯ್ದೆ. ಪುಡಿಗೆ ದ್ರಾವಣ ಬೆರೆಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಸಿಲಿಕೋನ್ ಎಷ್ಟು ಚುರುಕು ಅಂದರೆ, ಪೈಲಾನ್ ಮೇಲೆ ಉಳಿದಿದ್ದ ಎಮರಿ ಕಾಗದದ ಗೀರೂ ಎರಕದಲ್ಲಿ ಬರುತ್ತದೆ. ಹಾಗಾಗಿ ಮೂಲವನ್ನು ಚೆನ್ನಾಗಿ ಪಾಲಿಷ್ ಮಾಡಿಟ್ಟುಕೊಳ್ಳಬೇಕು.

ಮ್ಯಾಜಿಕ್ ಸುಮಾರು 2.7 ಮೀಟರ್ ಉದ್ದ, ಹದಿನಾರು ಸೆಂಟಿಮೀಟರ್‌ಗೆ ಹತ್ತಿರ ದಪ್ಪ. ಇಲ್ಲಿಗೆ 38 ಮಿಲಿಮೀಟರ್ ಉದ್ದ, 2.2 ದಪ್ಪ. ಇದರ ಮುಂಭಾಗದಲ್ಲಿ ಒಂದರ ಹಿಂದೊಂದು ಎರಡು ಸಾಲು ಪುಟ್ಟ ರೆಕ್ಕೆಗಳಿವೆ, ಹಿಂದೆ ಇನ್ನೊಂದು ಸಾಲು. ದೂರದಿಂದಲೇ ಮ್ಯಾಜಿಕ್ ಅಂತ ಗುರುತು ಹತ್ತುವುದು ಆ ಎರಡು ಸಾಲಿನಿಂದ. ಅದನ್ನು ಬಿಟ್ಟರೆ ಅದು ಸುಮ್ನೆ ಒಂದು ಬಿಳಿ ಕಡ್ಡಿ. ಈ ರೆಕ್ಕೆಗಳಿಗೆ ಹೋದಷ್ಟು ಸಮಯ ಇಡೀ ಒಡಲಿಗೆ ಹೋಗಲಿಲ್ಲ, ಹೋಗಬೇಕಾದದ್ದೂ ಸರಿಯೇ. ಈ ಮಾಡೆಲ್ ಭಾರತದ್ದು ಅಂತ ಮೊದಲು ಹೇಳುವುದು ಬಾವುಟದ ಬಣ್ಣಗಳಿಗಿಂತ ಮುಂಚೆ ಇದೇ.

ಇನ್ನೊಂದು ಮುಖ್ಯ ಸಂಗತಿ ಜಾಗ್ವಾರ್ ನಿಲ್ಲುವ ರೀತಿ. ಕಾಲುಗಳು ಎತ್ತರ, ಹಿಂದಿನ ಒಂದೊಂದು ಕಾಲಿಗೂ ಜೋಡಿ ಚಕ್ರ. ಹದಗೆಟ್ಟ ರನ್‌ವೇಯಿಂದ, ಹುಲ್ಲಿನಿಂದ ಏಳಬೇಕು ಅಂತ ಹಾಗೆ ಮಾಡಿದ್ದು. 1975ರಲ್ಲಿ ಇಂಗ್ಲೆಂಡಿನ ಒಂದು ಹೆದ್ದಾರಿಯಿಂದಲೇ ಇದನ್ನು ಹಾರಿಸಿ ತೋರಿಸಿದ್ದಾರೆ. ರೆಕ್ಕೆಗಳು ಒಡಲಿನ ಮೇಲ್ಭಾಗದಿಂದ ಹೊರಟು ಸ್ವಲ್ಪ ಕೆಳಕ್ಕೆ ಇಳಿಯುತ್ತವೆ. ಬಾಲದ ರೆಕ್ಕೆಗಳು ಇನ್ನೂ ಜಾಸ್ತಿ ಇಳಿಯುತ್ತವೆ. ಈ ಎರಡು ಇಳಿಜಾರು ತಪ್ಪಿದರೆ ಎಷ್ಟೇ ವಿವರ ಸೇರಿಸಿದರೂ ಅದು ಜಾಗ್ವಾರ್ ಅನ್ನಿಸುವುದಿಲ್ಲ. ಗಟ್ಟಿ ಕಾಗದದಲ್ಲಿ ಮುಂದಿನ ನೋಟದ ಅಳತೆ ಕತ್ತರಿಸಿ, ಅಂಟು ಒಣಗುವವರೆಗೂ ರೆಕ್ಕೆಗಳನ್ನು ಅದರ ಮೇಲೆ ಕೂರಿಸಿಟ್ಟೆ. ಬಾಲ ನೆಲಕ್ಕೆ ಕೂರಬಾರದು ಅಂತ ಮೂಗಿನೊಳಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿದೆ.

ಕಾಲಿನ ಪಕ್ಕದ ಹೈಡ್ರಾಲಿಕ್ ಕೊಳವೆಗೆ ಲಿಗೇಚರ್ ವೈರ್, ಹಲ್ಲಿಗೆ ಕ್ಲಿಪ್ ಹಾಕುವಾಗ ಕಟ್ಟುವ ತೆಳು ತಂತಿ. 0.25 ಮಿಲಿಮೀಟರ್ ಅಂದರೆ ನಿಜದಲ್ಲಿ 18 ಮಿಲಿಮೀಟರ್ ಕೊಳವೆ, ಸರಿಯಾಗಿ ಹೊಂದುತ್ತದೆ. ಮೂಗಿನ ತುದಿಯಲ್ಲಿ ವೇಗ ಅಳೆಯಲು ಇರುವ ಪಿಟೋ ಕಡ್ಡಿಗೆ ಅದೇ ಕ್ಲಿಪ್ಪಿನ ಗಟ್ಟಿ ಸ್ಟೀಲ್ ತಂತಿ. ಕಿಟ್‌ನ ಪ್ಲಾಸ್ಟಿಕ್ ಕಡ್ಡಿ ಕೈ ತಾಗಿದರೆ ಮುರಿಯುತ್ತದೆ, ಇದು ಮುರಿಯುವುದಿಲ್ಲ.

ಬಣ್ಣದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಪ್ಯಾನೆಲ್ ಗೆರೆಗಳನ್ನೆಲ್ಲ, ಅಂದರೆ ವಿಮಾನದ ತಗಡುಗಳು ಸೇರುವ ಕಡೆಯ ಗೆರೆಗಳನ್ನು, ಕಪ್ಪಗೆ ತುಂಬುವ ರೂಢಿ ಇದೆ. ಲೆಕ್ಕ ಹಾಕಿ ನೋಡಿ. ಮಾಡೆಲ್ ಮೇಲೆ 0.2 ಮಿಲಿಮೀಟರ್ ಗೆರೆ ಅಂದರೆ ನಿಜದ ವಿಮಾನದಲ್ಲಿ 14 ಮಿಲಿಮೀಟರ್ ಬಿರುಕು. ಬೆರಳು ತೂರುವಷ್ಟು ಸಂದಿ ಇರುವ ವಿಮಾನವನ್ನು ಯಾರು ಹಾರಿಸುತ್ತಾರೆ? ನಾನು ಜೋಡಣೆಯಲ್ಲಿ ಅಳಿಸಿಹೋದ ಗೆರೆಗಳನ್ನಷ್ಟೇ ಸಣ್ಣ ಸೂಜಿಯಿಂದ ಮತ್ತೆ ಕೊರೆದೆ. ಒಳಗೆ ತುಂಬಿದ್ದು ಅದೇ ಬಣ್ಣದ ಸ್ವಲ್ಪ ಗಾಢ ಛಾಯೆ. ಕಪ್ಪು ಬಳಸಲಿಲ್ಲ.

ಮೇಲಿನ ಬಣ್ಣ ಹಸಿರು ಮತ್ತು ಬೂದು, ಹೊಟ್ಟೆಯನ್ನೂ ಸುತ್ತಿ ಬರುವಂಥದ್ದು. ಬ್ರಿಟಿಷ್ ಬಣ್ಣಪಟ್ಟಿಯ 641ನೇ ಕಡು ಹಸಿರು, 638ನೇ ಕಡು ಸಮುದ್ರಬೂದು ಇಟ್ಟುಕೊಂಡು ಹೊರಟೆ. ಶೀಶೆಯಿಂದ ನೇರ ಹೊಡೆದರೆ ಇಷ್ಟು ಚಿಕ್ಕ ಮಾಡೆಲ್ ಮೇಲೆ ತೀರಾ ಕಪ್ಪಾಗಿ ಕಾಣುತ್ತದೆ. ದೂರದಿಂದ ನೋಡುವ ವಿಮಾನದ ಬಣ್ಣ ಸ್ವಲ್ಪ ತಿಳಿಯಾಗಿರುತ್ತದೆ. ಹಾಗಾಗಿ ಎರಡಕ್ಕೂ ತಿಳಿ ಬೂದು ಬೆರೆಸಿದೆ. ಬಿಳಿ ಬೆರೆಸಬೇಡಿ, ಸುಣ್ಣದ ಹಾಗೆ ಆಗುತ್ತದೆ. ಹಲ್ಲಿನ ಬಣ್ಣವೂ ಹೀಗೇ. ಜನ ಬಿಳಿ ಅಂತಾರೆ, ಆದರೆ ಒಂದೇ ಹಲ್ಲಿನಲ್ಲಿ ಒಸಡಿನ ಹತ್ತಿರ ಹಳದಿ ಜಾಸ್ತಿ, ಕಚ್ಚುವ ತುದಿಯಲ್ಲಿ ನೀಲಿ ಬೆರೆತ ಬೂದು. ಒಂದೇ ಬಣ್ಣದ ಹಲ್ಲು ಕಟ್ಟಿದರೆ ಕೃತಕ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೇ ಹಸಿರನ್ನು ಮೂರು ಛಾಯೆಯಲ್ಲಿ ಕಲಸಿ, ತೀರಾ ತೆಳ್ಳಗೆ, ಮೋಡ ಹರಡಿದಂತೆ ಹೊಡೆದೆ. ಒಂದಡಿ ದೂರದಿಂದ ನೋಡಿದರೆ ಛಾಯೆಗಳು ಬೇರೆಬೇರೆಯಾಗಿ ಕಾಣಬಾರದು. ಬಣ್ಣ ಸತ್ತಂತೆ ಇಲ್ಲ ಅನ್ನಿಸಿದರೆ ಸಾಕು.

ಎಂಜಿನ್ ನಳಿಗೆಗಳ ಹಿಂದೆ ಬಾಲದ ಕೆಳಗೆ ಬಣ್ಣವಿಲ್ಲದ ಬರಿ ಲೋಹ ಕಾಣುತ್ತದೆ. ಅಲ್ಲಿ ಮಾತ್ರ ಧೈರ್ಯವಾಗಿ ಕಂದು, ನೀಲಿ, ಮಸಿ ಎಲ್ಲ ಬಳಸಿದೆ. ಬಿಸಿ ತಾಗಿದ ಲೋಹ ಹೇಗೆ ಬಣ್ಣ ತಿರುಗುತ್ತದೆ ಅನ್ನುವುದನ್ನು ಲ್ಯಾಬಿನ ಫರ್ನೇಸಿನಿಂದ ತೆಗೆದ ಎರಕದಲ್ಲಿ ದಿನಾ ನೋಡುತ್ತೇನೆ. ಉಳಿದ ಕಡೆ ಕೊಳೆ ಕಡಿಮೆ. ಏರೋ ಇಂಡಿಯಾಕ್ಕೆ ಯಲಹಂಕಕ್ಕೆ ಹೋದಾಗ ನಿಂತಿದ್ದ ಜಾಗ್ವಾರ್‌ನ ಹತ್ತಿರದ ಫೋಟೋಗಳನ್ನು ತೆಗೆದಿದ್ದೆ. ಅದರಲ್ಲಿ ಕಾಣುವುದು ಪೈಲಟ್ ಮತ್ತು ಮೆಕ್ಯಾನಿಕ್‌ಗಳು ಕಾಲಿಡುವ ಜಾಗದ ಸವೆತ, ಚಿಕ್ಕ ಮುಚ್ಚಳಗಳ ಸುತ್ತ ಎಣ್ಣೆ ಕೈಯ ಗುರುತು. ಅಷ್ಟನ್ನೇ ಮಾಡಿದೆ.

ಗುರುತುಗಳನ್ನು ಮನೆಯಲ್ಲೇ ಪ್ರಿಂಟ್ ಮಾಡಿಕೊಂಡೆ. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಗುರುತು ಅಂಟಿಸಲು ಬಳಸುವ ಪಾರದರ್ಶಕ ಡೆಕಾಲ್ ಹಾಳೆಯ ಮೇಲೆ ಕೇಸರಿ ಪ್ರಿಂಟ್ ಮಾಡಿ ಹಸಿರು ರೆಕ್ಕೆಯ ಮೇಲೆ ಅಂಟಿಸಿದರೆ ಕೇಸರಿ ಹೋಗಿ ಕೆಸರಿನ ಬಣ್ಣ ಬರುತ್ತದೆ. ಹಾಗಾಗಿ ವಾಯುಪಡೆಯ ದುಂಡನೆಯ ತ್ರಿವರ್ಣ ಗುರುತುಗಳಿಗೆ ಬಿಳಿ ಹಾಳೆ, ಅಂಚಿಗೆ ಸರಿಯಾಗಿ ಕತ್ತರಿಸಬೇಕು. ‘ಜೆಎಸ್’ ಅಂತ ಶುರುವಾಗುವ ಕಪ್ಪು ನಂಬರಿಗೆ ಪಾರದರ್ಶಕ ಹಾಳೆ. ನೆಲದ ಗುರಿಗಳಿಗೆ ಹೊರಡುವ ಒಂದೇ ಸೀಟಿನ ಜಾಗ್ವಾರ್‌ಗಳಿಗೆ ಸಾಮಾನ್ಯವಾಗಿ ಜೆಎಸ್, ಎರಡು ಸೀಟಿನವಕ್ಕೆ ಜೆಟಿ, ಸಮುದ್ರದ ಮೇಲೆ ಕೆಲಸ ಮಾಡುವವಕ್ಕೆ ಜೆಎಂ. ಅಂಟಿಸುವ ಮೊದಲು ಹೊಳಪಿನ ಕೋಟ್ ಚೆನ್ನಾಗಿ ಒಣಗಿರಬೇಕು. ಮಳೆಗಾಲದ ಸಂಜೆ ಹೊಡೆದರೆ ವಾರ್ನಿಷ್ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ, ಬಿಸಿಲು ಇರುವ ಮಧ್ಯಾಹ್ನವೇ ಒಳ್ಳೆಯದು.

ಮುಂದಿನದು ಜೆಎಂ. ಹಿಂದೆ ಪುಣೆಯಲ್ಲಿದ್ದ 6ನೇ ಸ್ಕ್ವಾಡ್ರನ್‌ನದು, ಅವರು ತಮ್ಮನ್ನು ಡ್ರ್ಯಾಗನ್ಸ್ ಅಂತ ಕರೆದುಕೊಳ್ಳುತ್ತಾರೆ. ಅದರ ಮೂಗಿನಲ್ಲಿ ದೂರ ಅಳೆಯುವ ಲೇಸರ್ ಬದಲು ಅಗಾವೆ ರಾಡಾರ್, ಹಾಗಾಗಿ ಉಳಿಯ ಬಾಯಿಯಂಥ ಚಪ್ಪಟೆ ಮೂಗಿನ ಜಾಗದಲ್ಲಿ ಗುಂಡನೆಯ ಮೂಗು. ಹೊಟ್ಟೆಯಡಿ ಹಡಗುಗಳನ್ನು ಹೊಡೆಯುವ ಸೀ ಈಗಲ್ ಮಿಸೈಲ್, 4.14 ಮೀಟರ್ ಉದ್ದದ್ದು, ನನ್ನ ಅಳತೆಯಲ್ಲಿ 57 ಮಿಲಿಮೀಟರ್. ಮೂಗನ್ನು ಮೇಣದಲ್ಲಿ ಕೆತ್ತಲು ಶುರು ಮಾಡಿದ್ದೇನೆ. ಪೈಲಾನಿನ ಸಿಲಿಕೋನ್ ಅಚ್ಚು ಇನ್ನೂ ಚೆನ್ನಾಗಿದೆ. ಯಾರಾದರೂ ಇದೇ ಅಳತೆಯಲ್ಲಿ ನಮ್ಮ ಜಾಗ್ವಾರ್ ಕಟ್ಟುತ್ತಿದ್ದರೆ ಹೇಳಿ, ಒಂದು ಜೊತೆ ಎರಕ ಹೊಯ್ದು ಕಳಿಸುತ್ತೇನೆ.